ಅಟ್ಟದ ಮೇಲಿನ ಸೋಪು

ಗೋಂದು ಮೇಷ್ಟ್ರ ಮನೆಯಲ್ಲಿ ಅಂಗಡಿಯಿಂದ ಸೋಪು ತಂದು ಯಾವ ಕಾಲವಾಯಿತೋ ಅವರ ಹೆಂಡತಿಗೇ ನೆನಪಿರಲಿಲ್ಲ. ಸೋಪೊಂದೇ ಏಕೆ, ಮೇಣದಬತ್ತಿ, ಬಟ್ಟೆಯ ಚೀಲ, ಕಾಲೊರಸು, ಪೆನ್ನಿನ ಸ್ಟ್ಯಾಂಡು, ಹಳೆಯ ಬಾಟಲಿಗೆ ಬಣ್ಣ ಬಳಿದು ಮಾಡಿದ ಹೂದಾನಿ, ಎಲ್ಲವೂ ಅವರ ಅಟ್ಟದ ಮೇಲೆ ಬೇಕಾದಷ್ಟಿದ್ದವು. ಬೇಕಾದಷ್ಟು ಎಂದರೆ ತಪ್ಪಾಗುತ್ತದೆ, ಬೇಡವಾದಷ್ಟಿದ್ದವು.

"ಇದು ಮನೇನೋ ಗೋದಾಮೋ? ಇನ್ನು ಅಲ್ಲಿ ಒಂದು ಇಲಿಗೂ ಜಾಗ ಇಲ್ಲ" ಎಂದು ಹೆಂಡತಿ ವರ್ಷವರ್ಷವೂ ಗೊಣಗುತ್ತಿದ್ದರು. ಮೇಷ್ಟ್ರು ಸ್ಟೂಲಿನ ಮೇಲೆ ನಿಂತು ಹೊಸ ಗಂಟನ್ನು ಒಳಕ್ಕೆ ತಳ್ಳುತ್ತಾ, "ಸ್ವಲ್ಪ ಸರಿಸಿದ್ರೆ ಹಿಡಿಯುತ್ತೆ ಕಣೇ. ನೀನು ಸ್ಟೂಲು ಗಟ್ಟಿಯಾಗಿ ಹಿಡ್ಕೋ, ಬಾಯಿ ಆಮೇಲೆ" ಎನ್ನುತ್ತಿದ್ದರು. ಬೀಳುವ ಭಯ ಅವರಿಗೆ ಇತ್ತು. ಆದರೆ ಅದಕ್ಕಿಂತ ದೊಡ್ಡ ಭಯ, ಆ ಗಂಟು ಹೊರಗಿನವರ ಕಣ್ಣಿಗೆ ಬಿದ್ದರೆ ಗತಿಯೇನು ಎನ್ನುವುದು.

ಹೈಸ್ಕೂಲಿನಲ್ಲಿ ಅವರು ಕ್ರಾಫ್ಟ್ ಮೇಷ್ಟ್ರು. ಬೆರಳ ಸಂದಿಯಲ್ಲಿ ಯಾವಾಗ ನೋಡಿದರೂ ಒಣಗಿದ ಗೋಂದು. ಮೇಷ್ಟ್ರು ಕೈ ಮುಗಿದರೆ ಬಿಡಿಸಲು ಇಬ್ಬರು ಬೇಕು ಎಂದು ಮಕ್ಕಳು ನಗುತ್ತಿದ್ದರು, ಗೋಂದು ಮೇಷ್ಟ್ರು ಎಂಬ ಹೆಸರನ್ನೂ ಅವರೇ ಇಟ್ಟಿದ್ದರು. ಕ್ರಾಫ್ಟ್ ಮೇಷ್ಟ್ರಿಗೆ ಶಾಲೆಯಲ್ಲಿ ಏನು ಮರ್ಯಾದೆ ಹೇಳಿ? ಪರೀಕ್ಷೆ ಹತ್ತಿರ ಬಂತೆಂದರೆ ಗಣಿತದವರು ಬಂದು ಅವರ ಪೀರಿಯಡ್ಡನ್ನು ಒಂದು ಮಾತೂ ಕೇಳದೆ ಎತ್ತಿಕೊಂಡು ಹೋಗುತ್ತಿದ್ದರು. ಮೇಷ್ಟ್ರು ತಮ್ಮ ಕತ್ತರಿ, ರಟ್ಟು, ದಾರಗಳನ್ನು ಜೋಡಿಸಿಕೊಂಡು ಸ್ಟಾಫ್ ರೂಮಿನ ಮೂಲೆಯಲ್ಲಿ ಕೂರುತ್ತಿದ್ದರು.

ಹೊಸ ಹೆಡ್ ಮೇಡಂ ಬಂದ ಮೇಲೆ ಗಾಳಿ ಬೇರೆ ಕಡೆಗೆ ತಿರುಗಿತು. ಅವರು ಮೇಷ್ಟ್ರನ್ನು ಕರೆಸಿ, "ಮಕ್ಕಳಿಗೆ ಬರೀ ಅಂಟಿಸೋದು, ಕತ್ತರಿಸೋದು ಕಲಿಸಿದ್ರೆ ಸಾಲದು ಮೇಷ್ಟ್ರೇ. ಮಾಡಿದ್ದನ್ನ ಮಾರೋದು ಕಲಿಸಿ. ಶಾಲೆ ಬಿಟ್ಟ ಮೇಲೆ ಕೆಲಸ ಕೊಡಿ ಕೆಲಸ ಕೊಡಿ ಅಂತ ಅಲೆಯೋ ಬದಲು, ಇವರೇ ನಾಲ್ಕು ಜನಕ್ಕೆ ಕೆಲಸ ಕೊಡೋ ಹಾಗಾಗಲಿ" ಎಂದರು. ಹೀಗೆ ಶುರುವಾದದ್ದು ಶಾಲೆಯ ಸಂತೆ. ವರ್ಷಕ್ಕೊಂದು ದಿನ ಅಂಗಳದಲ್ಲಿ ಬೆಂಚುಗಳನ್ನು ಸಾಲಾಗಿ ಇಡುವುದು, ಮಕ್ಕಳು ತಾವೇ ಮಾಡಿದ ಸರಕನ್ನು ತಾವೇ ಬೆಲೆ ಕಟ್ಟಿ ಮಾರುವುದು, ಊರಿನವರನ್ನೆಲ್ಲ ಕರೆಯುವುದು. ಮೇಷ್ಟ್ರ ಬೆನ್ನು ಆವತ್ತು ನೆಟ್ಟಗಾದದ್ದು ಬಹಳ ದಿನ ಬಗ್ಗಲಿಲ್ಲ.

ಮೊದಲ ಸಂತೆಯಲ್ಲಿ ಒಬ್ಬ ಹುಡುಗ ರಟ್ಟಿನ ಪೆನ್ನಿನ ಸ್ಟ್ಯಾಂಡು ಮಾಡಿ ತಂದಿದ್ದ. ಪಾಪ, ಒಂದೂ ಹೋಗಲಿಲ್ಲ. ಗೇಟು ಮುಚ್ಚುವ ಹೊತ್ತಿಗೆ ಮೇಷ್ಟ್ರು ಮೆಟ್ಟಿಲ ಮೇಲಿಂದ ನೋಡುತ್ತಾರೆ, ಹುಡುಗ ಶಾಲೆಯ ಹಿಂದಿನ ಚರಂಡಿಯ ಹತ್ತಿರ ನಿಂತು ಒಂದೊಂದೇ ಸ್ಟ್ಯಾಂಡನ್ನು ನೀರಿಗೆ ಬಿಡುತ್ತಿದ್ದಾನೆ. ಅಳುತ್ತಿರಲಿಲ್ಲ. ಅತ್ತಿದ್ದರೆ ಮೇಷ್ಟ್ರು ತಡೆದುಕೊಳ್ಳುತ್ತಿದ್ದರೇನೋ.

ಮೇಷ್ಟ್ರ ಅಪ್ಪ ಗಾಡಿಯಲ್ಲಿ ದಾರ, ಗುಂಡಿ, ಸೂಜಿ ಇಟ್ಟುಕೊಂಡು ಬೀದಿ ಬೀದಿ ಮಾರುತ್ತಿದ್ದ ಮನುಷ್ಯ. ವ್ಯಾಪಾರ ಆಗದ ದಿನ ಗಾಡಿಯನ್ನು ಗೋಡೆಗೆ ಒರಗಿಸಿ, ಯಾರ ಮುಖವನ್ನೂ ನೋಡದೆ ಒಳಗೆ ಬಂದು ಮಲಗಿಬಿಡುತ್ತಿದ್ದರು. ಅಮ್ಮ ಮಕ್ಕಳಿಗೆಲ್ಲ ಕಣ್ಣಲ್ಲೇ ಗದರುತ್ತಿದ್ದಳು: ಉಸಿರೆತ್ತಬೇಡಿ. ಮಾರಾಟವಾಗದ ಸರಕು ಮನೆಗೆ ವಾಪಸ್ ಬಂದರೆ ಅದರ ಭಾರ ಎಷ್ಟಿರುತ್ತದೆಂದು ಮೇಷ್ಟ್ರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನನ್ನ ಮಕ್ಕಳಿಗೆ ಆ ಭಾರ ಬೇಡ ಎಂದು ಅವರು ಅಲ್ಲೇ ಆ ಮೆಟ್ಟಿಲ ಮೇಲೇ ನಿಶ್ಚಯಿಸಿದರು.

ಒಳ್ಳೆಯ ಮನಸ್ಸೇ. ಇಲ್ಲ ಎಂದವರಾರು? ಆದರೆ ಒಳ್ಳೆಯ ಮನಸ್ಸಿಗೆ ಸ್ವಲ್ಪ ಬುದ್ಧಿಯೂ ಜೊತೆಗಿದ್ದಿದ್ದರೆ ಈ ಕತೆಯನ್ನು ಹೇಳುವ ಪ್ರಮೇಯವೇ ಬರುತ್ತಿರಲಿಲ್ಲ.

ಮಾರನೆಯ ವರ್ಷದಿಂದ ಸಂತೆ ಮುಗಿಯಲು ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ ಮೇಷ್ಟ್ರ ಅಕ್ಕ ಗೇಟಿನೊಳಗೆ ಬರುತ್ತಿದ್ದರು. ಅವರ ಹಿಂದೆ ಇಸ್ತ್ರಿ ಅಂಗಡಿಯವನು, ಅವನ ಹಿಂದೆ ಕ್ಷೌರದಂಗಡಿಯವನು. ಮೂವರ ಕೈಯಲ್ಲೂ ಇರುತ್ತಿದ್ದುದು ಮೇಷ್ಟ್ರ ಸಂಬಳ. ಅಕ್ಕನಂತೂ ಹುಟ್ಟು ನಾಟಕದವರು. ಸುಮ್ಮನೆ ಕೊಂಡು ಹೋಗುವ ಪೈಕಿಯಲ್ಲ. "ಇಷ್ಟಾ? ಇದಕ್ಕಾ? ಹಗಲು ದರೋಡೆ ಕಣ್ರೋ ಇದು!" ಎಂದು ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದರು. ಮಕ್ಕಳು ಬಿಡದೆ ವಾದಿಸುತ್ತಿದ್ದರು. ಕೊನೆಗೆ ಅಕ್ಕ ಸೋತವರ ಹಾಗೆ ಮೂಗು ಮುರಿದು ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಹೋಗುತ್ತಿದ್ದರು. ಗೆದ್ದೆವೆಂದು ಮಕ್ಕಳ ಮುಖ ಅರಳುತ್ತಿತ್ತು. ಕತ್ತಲಾಗುವ ಮುಂಚೆ ಚೀಲಗಳು ಹಿಂಬಾಗಿಲಿನಿಂದ ಮೇಷ್ಟ್ರ ಮನೆಗೆ ಬಂದು ಅಟ್ಟ ಹತ್ತುತ್ತಿದ್ದವು.

ಈ ಶಾಲೆಯ ಸಂತೆಯಲ್ಲಿ ಮೇಜಿನ ಮೇಲೆ ಒಂದು ಕಡ್ಡಿಯೂ ಉಳಿಯುವುದಿಲ್ಲ ಎಂದು ಸುತ್ತಲೂ ಹೆಸರಾಯಿತು. ಬೇರೆ ಶಾಲೆಯವರು ಬಂದು ಗುಟ್ಟೇನೆಂದು ಕೇಳುತ್ತಿದ್ದರು. ಮೇಷ್ಟ್ರು ತಲೆ ತಗ್ಗಿಸಿ, "ಎಲ್ಲ ಮಕ್ಕಳ ಕೈಗುಣ" ಎನ್ನುತ್ತಿದ್ದರು. ಆ ವಿನಯ ನೋಡಿ ಬಂದವರು ಇನ್ನಷ್ಟು ಹೊಗಳುತ್ತಿದ್ದರು.

ಹೀಗಿರುವಾಗ ಬಂದವಳು ಸಾಹುಕಾರ್ತಿ. ಹೆಸರು ಕೇಳಿ ದೊಡ್ಡ ಮನೆಯ ಹುಡುಗಿ ಎಂದುಕೊಳ್ಳಬೇಡಿ. ಅವಳ ತಾಯಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿಯುತ್ತಿದ್ದವರು. ಆದರೆ ಹುಡುಗಿಯ ನಡಿಗೆ, ಮಾತು, ಬೆಲೆ ಹೇಳುವಾಗಿನ ಗತ್ತು ನೋಡಿ ಮೇಷ್ಟ್ರೇ ಅವಳಿಗೆ ಸಾಹುಕಾರ್ತಿ ಎಂದು ಹೆಸರಿಟ್ಟರು. ಅವಳಿಗೂ ಅದು ಎಷ್ಟು ಹಿಡಿಸಿತೆಂದರೆ, ಗೆಳತಿಯರು ಬೇರೆ ಹೆಸರಿನಿಂದ ಕರೆದರೆ ತಿರುಗಿಯೂ ನೋಡುತ್ತಿರಲಿಲ್ಲ.

ಅವಳು ಸೋಪು ಮಾಡುವುದನ್ನು ಕಲಿತಳು. ಕಲಿಸಿದವರು ಮೇಷ್ಟ್ರೇ. ಎಣ್ಣೆ ಕಾಯಿಸಿ, ಕಾಸ್ಟಿಕ್ ಸೋಡಾದ ನೀರು ಬೆರೆಸಿ, ತೋಳು ಸೋಲುವ ತನಕ ತಿರುವಿ, ಹಳೆಯ ಡಬ್ಬಿಗಳಲ್ಲಿ ಎರೆದು, ಗಟ್ಟಿಯಾದ ಮೇಲೆ ತಂತಿಯಿಂದ ಕತ್ತರಿಸುವುದು. ಹುಡುಗಿ ಬಲು ಶಿಸ್ತು. ಕೈಗವಸು ಹಾಕದೆ ಡಬ್ಬಿ ಮುಟ್ಟಿದ ಹುಡುಗರಿಗೆ ಮೇಷ್ಟ್ರಿಗಿಂತ ಮೊದಲು ಅವಳೇ ಬೈಯುತ್ತಿದ್ದಳು. ತಾಯಿಯ ಹಳೆಯ ಸಮವಸ್ತ್ರದ ಒಂದು ಗುಂಡಿ ಕಿತ್ತು ತಂದು, ಪ್ರತಿ ಸೋಪಿನ ನಡುವೆ ಒತ್ತಿ ಗುರುತು ಮಾಡುತ್ತಿದ್ದಳು. ದುಂಡನೆಯ ಅಚ್ಚು, ಒಳಗೆ ನಾಲ್ಕು ಚುಕ್ಕಿ. "ಇದು ನನ್ನ ಕಂಪನಿ ಮಾರ್ಕು ಸಾರ್. ಯಾರೂ ಕದಿಯೋಕಾಗಲ್ಲ" ಎನ್ನುತ್ತಿದ್ದಳು.

ವಿಜ್ಞಾನದ ಮೇಡಂ ಒಮ್ಮೆ ಹಾದುಹೋಗುವಾಗ, "ಕತ್ತರಿಸಿದ ಮೇಲೆ ಕೆಲವು ವಾರ ಗಾಳಿಗೆ ಒಣಗಲಿ ಮೇಷ್ಟ್ರೇ. ಹಸಿ ಸೋಪು ಮೈಗೆ ಒಳ್ಳೇದಲ್ಲ" ಎಂದಿದ್ದರು. ಸೋಪು ಮಾಡಲು ಕ್ರಾಫ್ಟ್ ಕೋಣೆ ಮಕ್ಕಳ ಕೈಗೆ ಸಿಗುತ್ತಿದ್ದುದೇ ಸಂತೆಯ ಹಿಂದಿನ ವಾರ. ಮೇಷ್ಟ್ರು ನಕ್ಕು, "ಅಷ್ಟು ದಿನ ಸಂತೆ ಕಾಯುತ್ತಾ ಮೇಡಂ?" ಎಂದಿದ್ದರು. ಮಾತು ಅಲ್ಲಿಗೇ ಮುಗಿಯಿತು. ಕೊಂಡವರು ಯಾರಾದರೂ ದೂರು ತಂದಿದ್ದರೆ ಆ ಮಾತು ನೆನಪಾಗುತ್ತಿತ್ತು. ಹೆಚ್ಚಿನದನ್ನು ಕೊಂಡವರು ಯಾರು? ಮೇಷ್ಟ್ರೇ.

ಸಂತೆಯ ದಿನ ಸಾಹುಕಾರ್ತಿಯ ಮೇಜಿನ ಮುಂದೆ ಮಾತಿನ ಮಳೆ. ಸುವಾಸನೆಗೆ, ಅವಳ ಬಾಯಿಗೆ ಮರುಳಾಗಿ ಹೊರಗಿನವರು ಕೆಲವರು ನಿಜವಾಗಿಯೂ ಕೊಂಡರು, ಅದನ್ನು ಇಲ್ಲ ಎನ್ನುವ ಹಾಗಿಲ್ಲ. ಉಳಿದದ್ದನ್ನು ಅಕ್ಕ ಹೊತ್ತು ತಂದರು. ಅಂಥ ಮೂರು ಸಂತೆಗಳಲ್ಲಿ ಆ ಹುಡುಗಿ ಒಂದು ಸೋಪನ್ನೂ ಮನೆಗೆ ವಾಪಸ್ ಒಯ್ಯಲಿಲ್ಲ.

ಮೊದಲ ವರ್ಷ ಆ ಸೋಪಿನಲ್ಲಿ ಪಾತ್ರೆ ತಿಕ್ಕಿದ ಕೈ ತೊಳೆದ ಹೆಂಡತಿ ವಾರದೊಳಗೆ ಮೇಷ್ಟ್ರ ಮುಂದೆ ಬಂದು ನಿಂತರು. "ರೀ, ನಿಮ್ಮ ಸಾಹುಕಾರ್ತಿ ಸೋಪು ನೀರು ಮುಟ್ಟಿದ್ರೆ ಲೋಳೆ ಲೋಳೆ. ಬಚ್ಚಲೆಲ್ಲ ಅಂಟು. ಕೈ ಬೇರೆ ನವೆ. ಅವಳಿಗೆ ಒಂದು ಮಾತು ಹೇಳ್ರೀ."

"ಹೇಗೆ ಹೇಳಲಿ? ನಿಮ್ಮ ಮನೆಗೆ ಹೇಗೆ ಬಂತು ಸಾರ್ ಅಂತ ಕೇಳಲ್ವಾ?"

"ಕೇಳಿದ್ರೆ ಕೇಳಲಿ."

"ಬೇಡ. ಪಾಪ, ಮುಖ ಸಣ್ಣದು ಮಾಡ್ಕೊಳ್ತಾಳೆ."

ಹೆಂಡತಿ ಉಳಿದ ಸೋಪನ್ನೆಲ್ಲ ಅಟ್ಟಕ್ಕೆ ಎಸೆದು ಕೈ ತೊಳೆದುಕೊಂಡರು. ಮುಂದಿನ ವರ್ಷ ಏನೋ ಹುಡುಕುವಾಗ ಅದೇ ಸೋಪು ಕೈಗೆ ಸಿಕ್ಕಿತು. ಬಿಸಾಡಲು ಮನಸ್ಸು ಬಾರದೆ ಬಚ್ಚಲಲ್ಲಿಟ್ಟರು. ಸಂಜೆ ಮೇಷ್ಟ್ರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಂತೆ, "ರೀ, ಇದು ಅದೇ ಸೋಪಾ? ಕಲ್ಲಿನ ಹಾಗೆ ಗಟ್ಟಿಯಾಗಿದೆ. ನೊರೆ ನೋಡ್ರೀ, ಎಷ್ಟು ಚೆನ್ನಾಗಿ ಬರುತ್ತೆ! ನವೆನೂ ಇಲ್ಲ. ಇಟ್ಟಷ್ಟೂ ಚೆನ್ನಾಗುತ್ತೋ ಏನೋ" ಎಂದರು. ಮೇಷ್ಟ್ರು ಆಗ ಇನ್ನೊಬ್ಬ ಹುಡುಗನ ಮುರಿದ ಫೋಟೋ ಫ್ರೇಮು ಅಂಟಿಸುವ ತರಾತುರಿಯಲ್ಲಿದ್ದರು. "ಹೂಂ" ಎಂದು ಒಳಗೆ ಹೋದರು. ಆ ಒಂದು "ಹೂಂ" ಮುಂದೆ ಅವರನ್ನು ಎಷ್ಟು ಕಾಡಿತೆಂದು ಹೇಳತೀರದು.

ಶಾಲೆ ಮುಗಿಯಿತು. ಫಲಿತಾಂಶ ಬಂದ ವಾರದಲ್ಲಿ ಸಾಹುಕಾರ್ತಿ ತಾಯಿಯನ್ನು ಕರೆದುಕೊಂಡು ಮೇಷ್ಟ್ರ ಮನೆಗೆ ಬಂದಳು. ಮೇಷ್ಟ್ರಿಗೆ ಮೊದಲು ಹೊಳೆದದ್ದು ಬಚ್ಚಲಿನಲ್ಲಿರುವ ಸೋಪು. ಒಳಗೆ ಓಡಿ ಹೋಗಿ ಅದನ್ನು ಜೇಬಿಗೆ ಹಾಕಿಕೊಂಡು ಬಂದು ಕುಳಿತರು. ಒದ್ದೆ ಜೇಬು ತೊಡೆಗೆ ತಣ್ಣಗೆ ತಾಗುತ್ತಿತ್ತು.

ತಾಯಿ ಕುರ್ಚಿಯ ತುದಿಯಲ್ಲಿ ಕುಳಿತು ಮಾತು ತೆಗೆದರು. ಬಿಸಿನೀರು, ಬ್ಲೀಚು ತಿಂದು ಅವರ ಬೆರಳ ತುದಿಗಳು ಬೆಳ್ಳಗಾಗಿದ್ದವು. "ಆಸ್ಪತ್ರೆಯಲ್ಲಿ ನರ್ಸಿಂಗ್ ತರಬೇತಿಗೆ ಇವಳಿಗೊಂದು ಸೀಟು ಕೊಡ್ತೀನಿ ಅಂದಿದ್ದಾರೆ ಮೇಷ್ಟ್ರೇ. ದೊಡ್ಡ ಸಿಸ್ಟರ್ ಕೈಕಾಲು ಹಿಡಿದು ಮಾಡಿಸಿದೀನಿ. ಇವಳು ನೋಡಿದ್ರೆ ಸೋಪಿನಂಗಡಿ ಇಡ್ತೀನಿ ಅಂತ ಕೂತಿದ್ದಾಳೆ. ನನ್ನ ಮಾತು ಇವಳ ಕಿವಿಗೆ ಹೋಗಲ್ಲ. ನೀವು ಹೇಳಿದ್ರೆ ಕೇಳ್ತಾಳೆ."

"ನೀವೇ ಹೇಳಿ ಸಾರ್" ಎಂದಳು ಹುಡುಗಿ. "ನೀವು ಬೇಡ ಅಂದ್ರೆ ಇವತ್ತೇ ಹೋಗಿ ನರ್ಸಿಂಗ್ ಸೇರ್ತೀನಿ. ನನ್ನ ಸೋಪು ನಡೆಯುತ್ತೋ ಇಲ್ವೋ?"

ಅಡುಗೆಮನೆಯ ಬಾಗಿಲಲ್ಲಿ ಟೀ ಲೋಟ ಹಿಡಿದು ನಿಂತಿದ್ದ ಹೆಂಡತಿ ಗಂಡನ ಮುಖವನ್ನೇ ನೋಡುತ್ತಿದ್ದರು. ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ದೇವರು ಕೂಡ ಒದಗಿಸಿಕೊಡಲಾರ. ಹುಡುಗಿ ಕೇಳುತ್ತಿದ್ದಾಳೆ, ತಾಯಿ ಕಾಯುತ್ತಿದ್ದಾರೆ, ಸಾಕ್ಷಿ ಜೇಬಿನಲ್ಲೇ ಇದೆ. ಮೇಷ್ಟ್ರ ನಾಲಿಗೆಯ ತುದಿಗೆ ನಿಜ ಬಂತು. ಹುಡುಗಿಯ ಕಣ್ಣು ನೋಡಿದರು. ಚರಂಡಿಯ ಹತ್ತಿರ ನಿಂತ ಆ ಹುಡುಗ ನೆನಪಾದ. ಗೋಡೆಯ ಕಡೆ ಮುಖ ಮಾಡಿ ಮಲಗಿದ ಅಪ್ಪ ನೆನಪಾದರು.

"ಮೂರು ವರ್ಷದಲ್ಲಿ ನಿನ್ನ ಮೇಜಿನ ಮೇಲೆ ಒಂದು ಸೋಪಾದ್ರೂ ಉಳಿದಿತ್ತೇನಮ್ಮಾ?" ಎಂದು ಕೇಳಿದರು.

ಸುಳ್ಳಲ್ಲ. ಒಂದಕ್ಷರವೂ ಸುಳ್ಳಲ್ಲ. ಅದಕ್ಕೇ ಅದು ಎಲ್ಲ ಸುಳ್ಳುಗಳಿಗಿಂತ ಕೆಟ್ಟದಾಗಿ ಹೋಯಿತು. ಹುಡುಗಿ ತಾಯಿಯ ಕಡೆ ತಿರುಗಿ, "ಕೇಳಿಸ್ಕೊಂಡ್ಯಾ?" ಎಂದಳು. ತಾಯಿ, "ಮೇಷ್ಟ್ರೇ ಹೇಳಿದ ಮೇಲೆ ಇನ್ನೇನಿದೆ" ಎಂದು ಎದ್ದರು. ಅವರು ಹೋದ ಮೇಲೆ ಹೆಂಡತಿ ಟೀ ಲೋಟಗಳನ್ನು ಎತ್ತಿಕೊಂಡು ಹೋಗಿ ಜೋರಾಗಿ ಸದ್ದು ಮಾಡುತ್ತಾ ತೊಳೆದರು.

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಝೆರಾಕ್ಸ್ ಅಂಗಡಿಯ ಪಕ್ಕದ ಕಿರಿದಾದ ಮಳಿಗೆಯಲ್ಲಿ ಅಂಗಡಿ ತೆರೆಯಿತು. ಹಿಂದೆ ಒಲೆ, ಮುಂದೆ ಕಪಾಟು. ಬೋರ್ಡು ಬರೆದವರು ಮೇಷ್ಟ್ರೇ. ರಜೆಯ ದಿನವೆಲ್ಲ ಕುಳಿತು, ಅಳತೆ ಗೀಟು ಹಾಕಿ, ನೀಲಿಯ ಮೇಲೆ ಬಿಳಿ ಅಕ್ಷರದಲ್ಲಿ "ಸಾಹುಕಾರ್ತಿ ಸೋಪು" ಎಂದು ಬರೆದರು. ಮೂಲೆಯಲ್ಲಿ ನಾಲ್ಕು ಚುಕ್ಕಿಯ ಗುಂಡಿ. ಅಷ್ಟು ಅಚ್ಚುಕಟ್ಟಾದ ಬೋರ್ಡು ಆ ಬೀದಿಯಲ್ಲಿ ಇನ್ನೊಂದಿರಲಿಲ್ಲ.

ಶುರುವಿನಲ್ಲಿ ಜನ ಬಂದರು. ಹುಡುಗಿಯ ಮಾತಿಗೆ ಯಾರು ಬರುವುದಿಲ್ಲ? ಬೆಳಿಗ್ಗೆ ಕತ್ತರಿಸಿದ್ದು ಸಂಜೆಗೆ ಖಾಲಿ. "ತಾಜಾ ಸೋಪು, ಈಗ ತಾನೇ ಮಾಡಿದ್ದು!" ಎಂದು ಅವಳು ಕೂಗುತ್ತಿದ್ದಳು. ಅಯ್ಯೋ, ಸೋಪು ತಾಜಾ ಇರಬಾರದು ಎಂದು ಹೇಳುವವರು ಬೇಕಿತ್ತಲ್ಲ! ಒಮ್ಮೆ ಕೊಂಡವರು ಮತ್ತೆ ಬರಲಿಲ್ಲ. ಅಂಗಡಿಗೆ ಬಂದು ಜಗಳವಾಡಿದ್ದರೂ ಚೆನ್ನಾಗಿತ್ತು. ಜನ ಎಲ್ಲಿ ಜಗಳವಾಡುತ್ತಾರೆ? ಸುಮ್ಮನೆ ಬೇರೆ ಅಂಗಡಿಗೆ ಹೋಗುತ್ತಾರೆ.

ಮೇಷ್ಟ್ರು ಮತ್ತೆ ಅಕ್ಕನನ್ನು ಕಳಿಸಿದರು. ಅಕ್ಕ ಒಂದು ತಿಂಗಳು ಹೋದರು, ಎರಡು ತಿಂಗಳು ಹೋದರು. ಆಮೇಲೆ ಒಂದು ದಿನ ಚೀಲವನ್ನು ತಮ್ಮನ ಮುಂದೆ ಕುಕ್ಕಿದರು. "ಸಂತೆ ಅಂದ್ರೆ ಒಂದು ದಿನದ ನಾಟಕ, ಆಡಿದೆ. ದಿನಾ ವೇಷ ಹಾಕು ಅಂದ್ರೆ ನನ್ನ ಕೈಲಾಗಲ್ಲ. ಇನ್ನೆಷ್ಟು ತೊಳ್ಕೊಳ್ಳೋದೋ, ಚರ್ಮ ಕಿತ್ತು ಬರುತ್ತೆ! ಹೋಗಿ ಆ ಹುಡುಗಿಗೆ ನಿಜ ಹೇಳು."

"ಹೇಳ್ತೀನಿ ಅಕ್ಕಾ" ಎಂದು ಮೇಷ್ಟ್ರು ಹೊರಟರು. ಅಂಗಡಿಯಲ್ಲಿ ಹುಡುಗಿ ಸುವಾಸನೆ ಬದಲಾಯಿಸುತ್ತಿದ್ದಳು. "ಮಲ್ಲಿಗೆ ಜನಕ್ಕೆ ಹಿಡಿಸ್ತಿಲ್ಲ ಅನ್ಸುತ್ತೆ ಸಾರ್, ನಿಂಬೆ ಹಾಕಿ ನೋಡ್ತೀನಿ" ಎಂದಳು. ಮೇಷ್ಟ್ರು, "ನೋಡು, ನೋಡು" ಎಂದು ಬಂದರು. ಇನ್ನೊಮ್ಮೆ ಹೋದಾಗ ಬಣ್ಣ ಬದಲಾಗಿತ್ತು. ಮತ್ತೊಮ್ಮೆ ಹೋದಾಗ ಸುತ್ತುವ ಕಾಗದ. ಉಳಿದ ಸೋಪು ಹಳತಾಯಿತೆಂದು ಕರಗಿಸಿ ಹೊಸದಾಗಿ ಎರೆದಳು. ಆಕಾರ, ಬೆಲೆ, ಕಪಾಟಿನ ಜಾಗ, ದೀಪ, ಎಲ್ಲವನ್ನೂ ಬದಲಾಯಿಸಿದಳು. ಬದಲಾಯಿಸಬೇಕಾದದ್ದೊಂದನ್ನು ಬಿಟ್ಟು. ಪ್ರತಿ ಸಲವೂ ಹೇಳಿಯೇ ತೀರಬೇಕೆಂದು ಹೋಗುತ್ತಿದ್ದ ಮೇಷ್ಟ್ರು ಪ್ರತಿ ಸಲವೂ ಧೈರ್ಯ ಹೇಳಿ ಬರುತ್ತಿದ್ದರು. ಕೊನೆಗೆ ಆ ಬೀದಿಯಲ್ಲಿ ಓಡಾಡುವುದನ್ನೇ ಬಿಟ್ಟು ಸುತ್ತು ದಾರಿ ಹಿಡಿದರು. ಎಂಥ ಮನುಷ್ಯ ನೋಡಿ!

ಅಂಗಡಿಯ ಶಟರ್ ಇಳಿಯಿತು. ನರ್ಸಿಂಗ್ ಸೀಟು ಅಷ್ಟರಲ್ಲಿ ಇನ್ಯಾರದ್ದೋ ಪಾಲಾಗಿತ್ತು. ಸಾಹುಕಾರ್ತಿ ತಾಯಿಯ ಜೊತೆ ಆಸ್ಪತ್ರೆಯ ಬಟ್ಟೆ ವಿಭಾಗಕ್ಕೆ ಸೇರಿದಳು ಎಂಬ ಸುದ್ದಿ ಇಸ್ತ್ರಿಯವನಿಂದ ಬಂತು. ಆ ವರ್ಷ ಸಂತೆಯಲ್ಲಿ ಮೇಷ್ಟ್ರು ಯಾರನ್ನೂ ಕರೆಸಲಿಲ್ಲ. ಮಕ್ಕಳ ಮೇಜಿನ ಮೇಲೆ ಸರಕು ಉಳಿಯಿತು. ಹೆಡ್ ಮೇಡಂ, "ಏನಾಯ್ತು ಮೇಷ್ಟ್ರೇ ಈ ಸಲ?" ಎಂದು ಕೇಳಿದರು. ಮೇಷ್ಟ್ರು ಬೆಂಚುಗಳನ್ನು ಒಳಗೆ ಸಾಗಿಸತೊಡಗಿದರು.

ಕಾಲ ಸರಿಯಿತು. ಮೇಷ್ಟ್ರು ನಿವೃತ್ತರಾದರು. ಮಂಡಿ ಕೈಕೊಟ್ಟು ಆಪರೇಷನ್ ಮಾಡಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾಗ ಒಂದು ಬೆಳಿಗ್ಗೆ ತಳ್ಳುಗಾಡಿಯ ಸದ್ದಾಯಿತು. ಒಗೆದ ಚಾದರಗಳ ರಾಶಿಯ ಹಿಂದಿನಿಂದ ಒಂದು ಮುಖ ಇಣುಕಿತು. "ಅಯ್ಯೋ ಸಾರ್! ನೀವಾ?"

ಕೂದಲಲ್ಲಿ ಅಲ್ಲಲ್ಲಿ ನರೆ ಇಣುಕಿತ್ತು. ಬೆರಳ ತುದಿಗಳು ತಾಯಿಯವುಗಳ ಹಾಗೆಯೇ ಬೆಳ್ಳಗಾಗಿದ್ದವು. ಮೇಷ್ಟ್ರು ಅದನ್ನು ನೋಡಿ ಬೇರೆ ಕಡೆ ತಿರುಗಿದರು. ಅವಳಾದರೋ ಮೇಷ್ಟ್ರು ಅಲ್ಲಿದ್ದಷ್ಟು ದಿನವೂ ಅವರನ್ನು ತಂದೆಯ ಹಾಗೆ ನೋಡಿಕೊಂಡಳು. ಒಳ್ಳೆಯ ಚಾದರ ಆರಿಸಿ ತಂದಳು, ಸುಕ್ಕಿಲ್ಲದಂತೆ ಹಾಸಿದಳು. "ನಿಮ್ಮ ಬೋರ್ಡು ಇನ್ನೂ ಇದೆ ಸಾರ್. ನೀರಿನ ಡ್ರಮ್ಮಿಗೆ ಮುಚ್ಚಿದೀವಿ. ಬಣ್ಣ ಒಂಚೂರೂ ಹೋಗಿಲ್ಲ" ಎಂದು ನಕ್ಕಳು. ನಗುವಿನಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ಮೇಷ್ಟ್ರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಬಿಡುಗಡೆಯಾಗುವ ದಿನ ಮೇಷ್ಟ್ರು ಅವಳ ಕೈ ಹಿಡಿದು, "ರಜೆ ಇದ್ದಾಗ ಮನೆಗೆ ಬಾ. ಒಂದು ವಿಷಯ ಹೇಳೋದಿದೆ" ಎಂದರು. ಮನೆಗೆ ಬಂದು ಹೆಂಡತಿಗೆ ಹೇಳಿದರು. ಹೆಂಡತಿ, "ಈ ಸಲ ಸೋಪು ಜೇಬಿಗೆ ಹಾಕ್ಕೊಂಡು ಕೂತ್ರೆ ನಾನೇ ಹೇಳಿಬಿಡ್ತೀನಿ" ಎಂದರು.

ಅವಳು ಬಂದದ್ದು ಒಂದು ಮಧ್ಯಾಹ್ನ. ಬಂದವಳೇ, "ಕೈ ತೊಳ್ಕೊಂಡು ಬರ್ತೀನಿ ಅಮ್ಮಾವ್ರೇ, ಬಸ್ಸಿನ ಕಂಬಿ ಹಿಡಿದ ಕೈ" ಎಂದು ಬಚ್ಚಲಿಗೆ ಹೋದಳು. ನಲ್ಲಿಯ ಸದ್ದು ಕೇಳಿಸಿತು. ಆಮೇಲೆ ನಿಂತಿತು. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಮೇಷ್ಟ್ರು ಕೋಲೂರಿಕೊಂಡು ಏಳಲು ಹೊರಟರು, ಅಷ್ಟರಲ್ಲಿ ಅವಳೇ ಬಂದು ಬಾಗಿಲಲ್ಲಿ ನಿಂತಳು. ಒದ್ದೆ ಅಂಗೈಯಲ್ಲಿ ಸೋಪು. ಸವೆದಿದ್ದರೂ ನಡುವೆ ದುಂಡು ಅಚ್ಚು, ಒಳಗೆ ನಾಲ್ಕು ಚುಕ್ಕಿ ಕಾಣುತ್ತಿದ್ದವು.

"ಇದು ನಂದಲ್ವಾ ಸಾರ್?"

ಮೇಷ್ಟ್ರು ಆಗ ಎಲ್ಲವನ್ನೂ ಹೇಳಿದರು. ಅಕ್ಕ, ಇಸ್ತ್ರಿಯವನು, ಕ್ಷೌರದವನು, ಹಿಂಬಾಗಿಲು, ಅಟ್ಟ. ಚರಂಡಿಯ ಹುಡುಗನ ವಿಷಯವನ್ನೂ ಹೇಳಿದರು, ಅಪ್ಪನ ವಿಷಯವನ್ನೂ ಹೇಳಿದರು. ಅವಳು ಎಲ್ಲವನ್ನೂ ಕೇಳಿದಳೋ ಇಲ್ಲವೋ. ಸೋಪನ್ನು ತಿರುವಿ ತಿರುವಿ ನೋಡುತ್ತಿದ್ದಳು, ಉಗುರಿನಿಂದ ಒತ್ತುತ್ತಿದ್ದಳು.

"ಗಟ್ಟಿಯಾಗಿದೆ" ಎಂದಳು. "ನೊರೆ ಎಷ್ಟು ನುಣ್ಣಗಿದೆ. ನನ್ನ ಅಂಗಡೀದು ಯಾವತ್ತೂ ಹೀಗೆ ಬರಲಿಲ್ಲ. ಇದಕ್ಕೆ ಏನು ಮಾಡಿದ್ರಿ ಅಮ್ಮಾವ್ರೇ?"

"ಏನೂ ಮಾಡಿಲ್ಲ ಕಣಮ್ಮಾ" ಎಂದರು ಹೆಂಡತಿ. "ಅಟ್ಟದ ಮೇಲೆ ಬಿದ್ದಿತ್ತು. ಹೊಸದ್ರಲ್ಲಿ ಲೋಳೆ, ನವೆ. ಒಂದಷ್ಟು ದಿನ ಒಣಗಿದ್ರೆ ಆಮೇಲೆ ಬೇರೆ ಸೋಪು ಮುಟ್ಟೋಕೆ ಮನಸ್ಸು ಬರಲ್ಲ."

ಅವಳು ನಿಂತಲ್ಲೇ ಗೋಡೆಗೆ ಒರಗಿದಳು. "ಒಣಗಿಸೋದಾ? ಅಷ್ಟೇನಾ?" ಎಂದಳು. ಮತ್ತೆ, "ಎಣ್ಣೆ ಬದಲಾಯಿಸಿದೆ ಸಾರ್. ಸೆಂಟು ಬದಲಾಯಿಸಿದೆ. ನನ್ನ ಮುಖಾನೇ ಜನಕ್ಕೆ ಹಿಡಿಸ್ತಿಲ್ವೇನೋ ಅಂತ ತಂಗೀನ ಕೂರಿಸಿ ನೋಡಿದೆ. ಇವತ್ತಿಗೂ ಚಾದರ ಮಡಚ್ತಾ ಮಡಚ್ತಾ ಅದನ್ನೇ ಯೋಚಿಸ್ತೀನಿ, ಶಾಲೇಲಿ ಮುಗಿಬಿದ್ದು ತಗೊಂಡ ಸೋಪನ್ನ ಬೀದೀಲಿ ಯಾಕೆ ಯಾರೂ ತಗೊಳ್ಳಲಿಲ್ಲ ಅಂತ" ಎಂದಳು.

"ನಾನು ಹೇಳಬೇಕಿತ್ತು" ಎಂದರು ಮೇಷ್ಟ್ರು. "ನೂರು ಸಲ ಬಾಯಿಗೆ ಬಂತು. ನಿನ್ನ ಮುಖ ಸಣ್ಣದಾಗೋದನ್ನ ನೋಡೋಕೆ ನನ್ನಿಂದ ಆಗ್ತಿರಲಿಲ್ಲಮ್ಮಾ."

ಅವಳು ತಲೆಯೆತ್ತಿ ಅವರನ್ನು ನೋಡಿದಳು. ಸಿಟ್ಟಾಗುತ್ತಾಳೆಂದು ಮೇಷ್ಟ್ರು ಕಾದರು. ಬೈದುಬಿಡಲಿ ಎಂದು ಆಸೆಪಟ್ಟರು.

"ಒಂದು ಸೋಪು ವಾಪಸ್ ತಂದು ಮೇಜಿನ ಮೇಲೆ ಎಸೆದು, ಇದು ಸರಿಯಿಲ್ಲ ಕಣೇ ಅಂದಿದ್ರೆ ಸಾಕಿತ್ತು" ಎಂದಳು ಮೆಲ್ಲಗೆ. "ಒಂದು ದಿನ ಅಳ್ತಿದ್ದೆ ಸಾರ್. ಒಂದೇ ದಿನ."

ಮೇಷ್ಟ್ರಿಗೆ ತಲೆ ಎತ್ತಲಾಗಲಿಲ್ಲ. "ಈಗಲೂ ಶುರುಮಾಡಬಹುದು. ಕೋಣೆ ಬಿಟ್ಟುಕೊಡ್ತೀನಿ, ನಾನೂ ಜೊತೆಗೆ ನಿಲ್ತೀನಿ" ಎಂದು ಏನೇನೋ ತೊದಲಿದರು. ಅವಳು, "ಬೇಡ ಸಾರ್. ಆ ಬಾಯಿ ಈಗ ನನಗಿಲ್ಲ. ಕೂಗೋಕೆ ನಾಚಿಕೆಯಾಗುತ್ತೆ" ಎಂದಳು. ಆಮೇಲೆ ಹೆಂಡತಿಯ ಕಡೆ ತಿರುಗಿ, "ಇನ್ನೊಂದಿದ್ರೆ ಕೊಡ್ತೀರಾ ಅಮ್ಮಾವ್ರೇ?" ಎಂದು ಕೇಳಿದಳು.

ಹೆಂಡತಿ ಅಟ್ಟದಿಂದ ಇಳಿಸಿದ್ದ ಡಬ್ಬಿಯನ್ನೇ ತಂದು ಮುಂದಿಟ್ಟರು. ಅವಳು ಒಂದೇ ಸೋಪು ತೆಗೆದುಕೊಂಡು ಕರವಸ್ತ್ರದಲ್ಲಿ ಸುತ್ತಿದಳು. "ಅಮ್ಮನಿಗೆ ತೋರಿಸ್ತೀನಿ. ಅವಳು ಇವತ್ತಿನವರೆಗೂ ನನ್ನ ಸೋಪು ಕೆಟ್ಟದು ಅಂತ ಒಂದು ಮಾತು ಅಂದವಳಲ್ಲ. ನಿನ್ನ ಹಣೆಬರಹ ಸರಿಯಿಲ್ಲ ಅಂತಾಳೆ. ಹಣೆಬರಹ ಅಲ್ವಂತೆ ಅಮ್ಮಾ, ಅಂತ ಹೇಳ್ತೀನಿ."

ಮೇಷ್ಟ್ರ ಕಾಲು ಮುಟ್ಟಿ ನಮಸ್ಕರಿಸಿದಳು. ಮಂಡಿಯ ಹೊಲಿಗೆ ನೋಯಬಾರದೆಂದು ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿ, "ಬಿಸಿನೀರಿನ ಶಾಖ ಕೊಡಿ, ಮರೀಬೇಡಿ" ಎಂದು ಹೇಳಿ ಹೊರಟಳು. ಮೇಷ್ಟ್ರು ಕೋಲೂರಿಕೊಂಡು ಗೇಟಿನ ತನಕ ಬಂದರು. ಅವಳು ಬೀದಿಯ ತಿರುವಿನ ಹತ್ತಿರ ಹೋಗಿದ್ದಳು. ಇನ್ನೊಂದು ಸಲ ಕರೆಯಬೇಕು, ಕ್ಷಮಿಸು ಎನ್ನಬೇಕು ಅನ್ನಿಸಿತು. ಇಷ್ಟು ಮಾತಾಡಿಯೂ ಆ ಒಂದು ಮಾತನ್ನು ಆಡಿರಲಿಲ್ಲ. ಸಾಹುಕಾರ್ತಿ ಎಂದು ಬಾಯಿಯ ತನಕ ಬಂತು. ಆ ಹೆಸರಿನಿಂದ ಅವಳನ್ನು ಹೇಗೆ ಕರೆಯುವುದು? ಮೇಷ್ಟ್ರು ಗೇಟು ಹಿಡಿದು ನಿಂತರು, ಅವಳು ತಿರುವಿನಲ್ಲಿ ಮರೆಯಾದಳು.